ನೊರೆ ಎದ್ದ ಆಲೂಗಡ್ಡೆ

ಅಜ್ಜಿ ಮಂಡಿ ಹಿಡಿದುಕೊಂಡು ಏಳುವುದನ್ನು ಕಂಡಾಗಲೆಲ್ಲ, ಅವಳ ನೋವು ಹೇಗಾದರೂ ಹೋಗಬಾರದೇ ಎಂದು ಅವಳು ನೀರು ಕುಡಿಯುವ ಲೋಟಕ್ಕೆ ಅನಿಸುತ್ತಿತ್ತು.

ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡಿನ ಸೀಸೆ ಅದನ್ನು ಕರೆದು, "ನನ್ನ ನಾಲ್ಕು ಹನಿ ನಿನ್ನ ನೀರಿಗೆ ಸೇರಲಿ. ರೋಗವಿದ್ದಲ್ಲಿ ಮಾತ್ರ ನಾನು ನೊರೆಯೆದ್ದು ಅದನ್ನು ಕೊಲ್ಲುತ್ತೇನೆ," ಎಂದಿತು.

"ಹಾಗಾದರೆ ರೋಗವಿಲ್ಲದ ಕಡೆ ಸುಮ್ಮನಿರು, ನೋಡೋಣ," ಎಂದು ಲೋಟ ಆಗಷ್ಟೇ ಹೆಚ್ಚಿಟ್ಟಿದ್ದ ಆಲೂಗಡ್ಡೆಯ ಹೋಳನ್ನು ತೋರಿಸಿತು.

ಸೀಸೆ ಬಾಗಿತು. ಹನಿ ಬಿದ್ದ ಹೋಳು ಬುಸಬುಸನೆ ನೊರೆಗಟ್ಟಿತು.

"ಇದಕ್ಕೂ ಒಳಗೊಳಗೇ ಏನೋ ರೋಗವಿತ್ತು ನೋಡು," ಎಂದಿತು ಸೀಸೆ.

"ನೀನು ಬೀಳುವವರೆಗೂ ಚೆನ್ನಾಗಿಯೇ ಇದ್ದೆ," ಎಂದಿತು ಹೋಳು.

ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿಸಿತು. ಸೀಸೆ ಲೋಟದ ಕಡೆ ಬಾಗಿತು. ಲೋಟ ಬೋರಲು ಬಿದ್ದುಕೊಂಡಿತು.