ಏಡಿ ಎಳೆದ ನೆಟ್ಟನೆ ಗೆರೆ

ಕೆರೆಯ ಏರಿಯಲ್ಲಿ ಬಿಲ ಕೊರೆದಿದ್ದ ಪಂಡಿತ ಏಡಿಗೆ ತನ್ನ ಲೆಕ್ಕದ ಮೇಲೆ ಬಲು ಜಂಬ. ಬಿಲದಿಂದ ನೀರು ಸೋರತೊಡಗಿದಾಗ ಅದು ಕೆಸರಿನಲ್ಲಿ ನೆಟ್ಟಗೊಂದು ಗೆರೆ ಎಳೆದು, "ನಿನ್ನೆ ಒಂದು ಬೊಗಸೆ, ಇಂದು ಎರಡು, ನಾಳೆ ಮೂರು. ನನ್ನ ಮರಿಮಕ್ಕಳ ಕಾಲದವರೆಗೂ ಏರಿಗೆ ಭಯವಿಲ್ಲ" ಎಂದು ಸಾರಿತು.

"ನೀರು ಹರಿದಷ್ಟೂ ಮಣ್ಣು ಕೊರೆಯುತ್ತದೆ, ಕೊರೆದಷ್ಟೂ ಹೆಚ್ಚು ಹರಿಯುತ್ತದೆ. ಅದು ನಿಮ್ಮ ಗೆರೆ ಹಿಡಿದು ಬರುವುದಿಲ್ಲ, ಪಂಡಿತರೇ. ಕೆರೆಯಲ್ಲಿ ನನ್ನ ಮರಿಗಳಿವೆ, ಬಿಲ ಮುಚ್ಚಿ" ಎಂದಿತು ಕಪ್ಪೆ.

"ಕುಪ್ಪಳಿಸುವವರಿಗೆ ನೆಟ್ಟನೆಯ ದಾರಿ ಹೇಗೆ ತಿಳಿದೀತು?" ಎಂದು ಮೂಗು ಮುರಿದ ಏಡಿ, ಅಡ್ಡಡ್ಡಲಾಗಿ ನಡೆದು ಬಿಲ ಸೇರಿತು.

ಸಂಜೆಯೊಳಗೆ ಏರಿ ಒಡೆಯಿತು. ರಾಡಿ ನೀರಿನಲ್ಲಿ ಕೊಚ್ಚಿಹೋಗುತ್ತಿದ್ದ ಏಡಿ, ಮರಿಗಳನ್ನು ಹುಡುಕುತ್ತಿದ್ದ ಕಪ್ಪೆಗೆ ಕಾಲೆತ್ತಿ ಹೇಳಿತು: "ನನ್ನ ಲೆಕ್ಕ ಸರಿಯಾಗಿಯೇ ಇದೆ. ಈ ನೀರಿಗೆ ಗಣಿತ ಬರುವುದಿಲ್ಲ."