ಎಳೆ ತಪ್ಪೀತು

"ಅಜ್ಜಾರ, ಕಣ್ಣು ಉರೀತಾವ್ರಿ. ಓದೂದೂ ಇದರಾಗ, ಆಫೀಸಿನ ಕೆಲಸಾನೂ ಇದರಾಗ. ಕಣ್ಣು ಉಳಿಸ್ಕೊಳ್ಳಾಕ ಏನ ಮಾಡ್ಲಿ?" ಎಂದು ಚನ್ನವೀರ ಕೇಳಿದ. ಅವನಿದ್ದದ್ದು ತನ್ನ ಮನೆಯಲ್ಲಿ, ಗುರುಗಳಿದ್ದದ್ದು ಮಠದಲ್ಲಿ. ಪಾಠ ನಡೆಯುತ್ತಿದ್ದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ.

ಗುರುಗಳು ತಮ್ಮ ಮುಂದಿನ ಪರದೆಯನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಕತೆ ಹೇಳಿದರು.

ಒಬ್ಬ ತಾಯಿ ಮಗಳ ಮದುವೆಗೆಂದು ಕರಿಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಮೊದಲೇ ಬರೆದುಕೊಂಡ ಗೆರೆ ಇರುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಸೆರಗಿನ ಗೋಪುರದ ಚಿತ್ತಾರ ಸೊಟ್ಟಗಾಗುತ್ತದೆ. ಆ ಭಯಕ್ಕೆ ಅವಳು ತಲೆ ಎತ್ತುವುದನ್ನೇ ಬಿಟ್ಟಳು. ಕಣ್ಣು ಉರಿಯಿತು, ನೀರು ಸುರಿಯಿತು. ಪುಣ್ಯಾತ್ಗಿತ್ತಿ, ಬೆಳಕು ಸಾಲದೆಂದು ಇನ್ನೊಂದು ದೀಪ ಹಚ್ಚಿಕೊಂಡಳು. ಆಗಾಗ ದೂರದ ಬೇವಿನ ಗಿಡದ ಕಡೆ ನೋಡು ಎಂದು ನೆರೆಯವಳು ಹೇಳಿದಳು. ಕೇಳಬೇಕಲ್ಲ!

ಮದುವೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮಗಳು ಬಂದು ಎದುರಿನ ಗೋಡೆಗೆ ಒರಗಿ ನಿಂತಳು.

"ಅವ್ವಾ, ಯಾಕೋ ಮೈ ನಡಗಾಕತ್ತೈತಿ. ಇಲ್ಲಿ ನೋಡ."

"ತಡಿಯವ್ವ, ಎಳಿ ತಪ್ಪತೈತಿ."

ಮಗಳು ಮತ್ತೆ ಕರೆದಳು. ದನಿ ಕುಗ್ಗಿತ್ತು. ತಾಯಿ ಸೂಜಿ ಎಳೆದಳು. ಆಮೇಲೆ ಯಾರೂ ಕರೆಯಲಿಲ್ಲ. ಮಗಳು ಸಿಟ್ಟು ಮಾಡಿಕೊಂಡು ಒಳಗೆ ಹೋದಳೆಂದುಕೊಂಡು ತಾಯಿ ಇನ್ನೊಂದು ಸಾಲು ಮುಗಿಸಿದಳು.

ಗೋಪುರ ಪೂರ್ತಿಯಾಯಿತು. ಒಂದು ಎಳೆಯೂ ತಪ್ಪಿರಲಿಲ್ಲ. ತಲೆ ಎತ್ತಿದರೆ ಎದುರಿಗೆಲ್ಲ ಮಂಜು. ಗೋಡೆಯ ಬುಡದಲ್ಲಿ ಏನೋ ಬಿದ್ದಿತ್ತು. ಹಾಸಿಗೆಯ ಸುರುಳಿ ಎಂದುಕೊಂಡಳು. "ಮಗಳ, ಸೀರಿ ನೋಡ ಬಾ" ಎಂದು ಒಳಮನೆಯ ಕಡೆಗೆ ಕೂಗಿದಳು. ಸೀರೆ ಎತ್ತಿಡಲು ಎದ್ದವಳ ಕಾಲಿಗೆ ಆ ಸುರುಳಿ ತಾಗಿತು. ಅದು ಕೆಂಡದಂತೆ ಸುಡುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಕಣ್ಣುರಿ ಮರೆತು ಪರದೆಗೆ ಇನ್ನಷ್ಟು ಹತ್ತಿರ ಬಾಗಿದ.

"ಮಗಳು ಉಳಿದ್ಲೇನ್ರಿ, ಅಜ್ಜಾರ?"

"ಉಳಿದ್ಲಪ್ಪ, ಆದ್ರ ನಿನ್ನ ನೆತ್ತಿಗೆ ಹಚ್ಚಾಕ ಹರಳೆಣ್ಣಿ ಬಟ್ಟಲ ಹಿಡಕೊಂಡು ನಿಮ್ಮವ್ವ ಕತಿ ಶುರುವಾದಾಗಿಂದ ನಿನ್ನ ಬೆನ್ನ ಹಿಂದ ನಿಂತಾಳ, ನೋಡೀಯೇನು?"