ಕುರ್ಚಿಯ ಹಿಂದಿನ ಹಲಗೆ

ಕಾಡಿನ ಆಸ್ಪತ್ರೆಗೆ ನವಿಲು ಮುಖ್ಯಾಧಿಕಾರಿ. ಯಾವ ಕೇರಿಯಿಂದ ಎಷ್ಟು ಜ್ವರದವರು ಬಂದರೆಂದು ವಾರವಾರವೂ ಹಲಗೆಯ ಮೇಲೆ ತೂತು ಕೊರೆದು ತೋರಿಸುವುದು ಮರಕುಟಿಗದ ಕೆಲಸ. ಆ ಹಲಗೆಯನ್ನು ನವಿಲು ತನ್ನ ಕುರ್ಚಿಯ ಹಿಂದೆ, ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿಸಿತ್ತು.

ಹಲಗೆಯಲ್ಲಿ ಮೊಲಗಳ ಕೇರಿಯ ತೂತುಗಳ ಸಾಲು ಉದ್ದವಾಗುತ್ತಲೇ ಹೋಯಿತು.

"ಸ್ವಾಮಿ, ಒಮ್ಮೆ ಹಿಂದೆ ತಿರುಗಿ ನೋಡಿ. ಮೊಲಗಳಿಗೆ ಔಷಧಿ ಹೆಚ್ಚು ಬೇಕು," ಎಂದಿತು ಮರಕುಟಿಗ.

"ಎಲ್ಲ ಕೇರಿಗೂ ಸಮನಾಗಿ ಹಂಚುವುದು ಇಲ್ಲಿನ ಪದ್ಧತಿ. ನೀನು ತೂತು ನೀಟಾಗಿ ಕೊರೆ. ತನಿಖೆಗೆ ಹದ್ದು ಸಾಹೇಬರು ಬರುತ್ತಾರೆ," ಎಂದಿತು ನವಿಲು.

ಹೇಳಿ ಹೇಳಿ ಮರಕುಟಿಗಕ್ಕೆ ಸಾಕುಸಾಕಾಯಿತು. ಗಟ್ಟಿ ಹೊನ್ನೆ ಮರವೂ ಅದರ ಕೊಕ್ಕನ್ನು ಇಷ್ಟು ದಣಿಸಿರಲಿಲ್ಲ. ಅಷ್ಟರಲ್ಲಿ ಮೊಲಗಳ ಪಾಲಿನ ಔಷಧಿ ಮುಗಿಯಿತು. ಬಂದ ಮೊಲಗಳೆಲ್ಲ ಬಾಗಿಲಿನಿಂದಲೇ ವಾಪಸಾದವು. ಒಳಗೆ ಬಾರದವರಿಗೆ ತೂತು ಕೊರೆಯುವ ಪದ್ಧತಿ ಇರಲಿಲ್ಲ.

ಹದ್ದು ಬರುವ ದಿನ, ಧೂಳು ಒರೆಸಲೆಂದು ನವಿಲು ಮೊದಲ ಸಲ ಹಲಗೆಯತ್ತ ತಿರುಗಿತು.

"ಭಲೇ! ಈ ವಾರ ಮೊಲಗಳ ಸಾಲಿನಲ್ಲಿ ಒಂದು ತೂತೂ ಇಲ್ಲ. ಜ್ವರ ನಿಂತೇಹೋಗಿದೆ!"

"ನಿಂತದ್ದು ಜ್ವರವಲ್ಲ ಸ್ವಾಮಿ, ನಿಮ್ಮ ಔಷಧಿ!" ಮರಕುಟಿಗ ಕಿರುಚಿತು. "ಬಾಗಿಲ ಕಡೆ ನೋಡಿ!"

ಮೈ ಸುಡುತ್ತಿದ್ದ ಮರಿಯನ್ನು ಅಪ್ಪಿಕೊಂಡು ಮೊಲವೊಂದು ಬಾಗಿಲಲ್ಲಿ ನಿಂತಿತ್ತು. ನವಿಲು ಹಲಗೆಯನ್ನೇ ನೋಡುತ್ತ, ಹಿಗ್ಗಿ ಗರಿ ಬಿಚ್ಚಿತ್ತು. ಅದರ ಬೆನ್ನು ಈಗ ಬಾಗಿಲ ಕಡೆಗಿತ್ತು.